ಹೂವಿನ ಪಕ್ಕದ ಒಂದು ಸಾಲು

ರಮಝಾನಿನ ಕೊನೆಯ ಹತ್ತು ದಿನಗಳು ಬಂತೆಂದರೆ ಪೇಟೆಯ ಪುಸ್ತಕದಂಗಡಿಗಳ ಮುಂದೆ ಹಗ್ಗ ಕಟ್ಟಿ ಈದ್ ಕಾರ್ಡುಗಳನ್ನು ನೇತುಹಾಕುತ್ತಿದ್ದ ಕಾಲವೊಂದಿತ್ತು. ಅವನ್ನು ಕೊಳ್ಳಲು ಕೈಯಲ್ಲಿ ಕಾಸಿಲ್ಲದವರು, ಕಾಸಿದ್ದರೂ ಗೆಳತಿಗೆ ಅಂಗಡಿಯದನ್ನು ಕೊಡಲು ಮನಸ್ಸಾಗದವರು, ಡ್ರಾಯಿಂಗ್ ಹಾಳೆಯನ್ನು ಎರಡಾಗಿ ಮಡಚಿ ಶಾಲೆಯ ಬಣ್ಣದ ಪೆಟ್ಟಿಗೆ ತೆರೆದು ಕೂರುತ್ತಿದ್ದರು. ಪಕ್ಕದಲ್ಲಿ ಸ್ಟೀಲಿನ ಲೋಟದಲ್ಲಿ ನೀರು, ಬ್ರಶ್ ಒರೆಸಲು ಒಂದು ಹಳೆಯ ಬಟ್ಟೆ. ಈಗ ಹಬ್ಬದ ಹಿಂದಿನ ರಾತ್ರಿ ಒಂದೇ ಚಿತ್ರ ನಮ್ಮ ಮೊಬೈಲಿಗೆ ಹತ್ತು ಕಡೆಯಿಂದ ಬಂದು ಬೀಳುತ್ತದೆ. ಕಳುಹಿಸಿದವರು ಯಾರೆಂದು ಮರುದಿನಕ್ಕೇ ನೆನಪಿರುವುದಿಲ್ಲ.

ಜಲವರ್ಣದಲ್ಲಿ ಒಂದು ಹೂ ಬರೆಯುವುದು ನೋಡಲು ಸುಲಭ. ಆದರೆ ಅದು ಅವಸರದವರ ಕೆಲಸವಲ್ಲ. ಕಾಗದ ದಪ್ಪಗಿರಬೇಕು, ಇಲ್ಲವಾದರೆ ನೀರು ಬಿದ್ದ ಕೂಡಲೇ ಸುಕ್ಕುಗಟ್ಟುತ್ತದೆ. ಪೆನ್ಸಿಲಿನಿಂದ ಕಂಡೂ ಕಾಣದಂತೆ ಒಂದು ಗೆರೆ ಎಳೆದು, ಎಸಳಿನ ಜಾಗವನ್ನು ಮೊದಲು ಬರೀ ನೀರಿನಿಂದ ಒದ್ದೆ ಮಾಡಬೇಕು. ಅದರ ಅಂಚಿಗೆ ಕೆಂಪು ಬಣ್ಣದ ತುದಿ ತಾಗಿಸಿದರೆ ಸಾಕು, ಬಣ್ಣ ತಾನಾಗಿ ಹರಿದು ಒಳಗೆ ತೆಳುವಾಗುತ್ತದೆ. ಅದು ಒಣಗುವ ಮೊದಲೇ ಪಕ್ಕದ ಎಸಳಿಗೆ ಕೈ ಹಾಕಿದರೆ ಎರಡೂ ಕಲಸಿಹೋಗುತ್ತವೆ. ಜಲವರ್ಣದಲ್ಲಿ ತಪ್ಪನ್ನು ಮುಚ್ಚುವುದು ಕಷ್ಟ. ಬೆಳಕು ಬೇಕಾದ ಕಡೆ ಬಿಳಿ ಬಣ್ಣ ಬಳಿಯುವುದಿಲ್ಲ, ಕಾಗದವನ್ನೇ ಖಾಲಿ ಬಿಡುತ್ತಾರೆ. ಎಲೆ, ದಂಟು, ಕೇಸರಗಳೆಲ್ಲ ಮುಗಿದು ಒಣಗಿದ ಮೇಲೆ, ಒಳಗಿನ ಪುಟದಲ್ಲಿ ಒಂದು ಸಾಲು ಬರಹ, ಕೆಳಗೆ ಹೆಸರು. ಕಾರ್ಡು ಎಂದರೆ ಇಷ್ಟೇ.

ಶುಭಾಶಯ ಕಾರ್ಡೆಂಬುದು ಇಂಗ್ಲಿಷರಿಂದ ಬಂದ ರೂಢಿ ಎಂದು ನಮ್ಮಲ್ಲಿ ಹಲವರು ಹೇಳುವುದುಂಟು. ಅಂಚೆಯಲ್ಲಿ ಹೋಗುವ ಅಚ್ಚಿನ ಕಾರ್ಡಿನ ಮಟ್ಟಿಗೆ ಆ ಮಾತು ನಿಜ. 1840ರಲ್ಲಿ ಬ್ರಿಟನ್ನಿನಲ್ಲಿ ಒಂದು ಪೆನ್ನಿಗೆ ಪತ್ರ ಮುಟ್ಟಿಸುವ ಅಂಚೆ ಶುರುವಾಯಿತು. ಮೂರು ವರ್ಷಗಳ ನಂತರ, 1843ರಲ್ಲಿ, ಆ ಅಂಚೆ ಸುಧಾರಣೆಯಲ್ಲಿ ದುಡಿದಿದ್ದ ಹೆನ್ರಿ ಕೋಲ್ ಎಂಬವರು ಚಿತ್ರಕಾರ ಜಾನ್ ಕ್ಯಾಲ್ಕಾಟ್ ಹಾರ್ಸ್ಲಿಯವರಿಂದ ಕ್ರಿಸ್‌ಮಸ್ ಕಾರ್ಡೊಂದನ್ನು ಬರೆಸಿದರು. ಬಂದ ಪತ್ರಗಳಿಗೆಲ್ಲ ಬಿಡಿಬಿಡಿಯಾಗಿ ಉತ್ತರ ಬರೆಯಲು ಅವರಿಗೆ ಪುರುಸೊತ್ತಿರಲಿಲ್ಲ. ಅಂದರೆ ಈ ಕಾರ್ಡು ಹುಟ್ಟಿದ್ದೇ ಸಮಯ ಉಳಿಸುವುದಕ್ಕೆ! ಗೆರೆಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿ, ಬಣ್ಣವನ್ನು ಮಾತ್ರ ಒಂದೊಂದಕ್ಕೂ ಕೈಯಿಂದಲೇ ತುಂಬಲಾಯಿತು. ಮಿಕ್ಕ ಪ್ರತಿಗಳು ಒಂದು ಶಿಲ್ಲಿಂಗಿಗೆ ಒಂದರಂತೆ ಮಾರಾಟಕ್ಕೆ ಬಂದವು. ಮುಂದೆ ಬಣ್ಣದ ಕಲ್ಲಚ್ಚು ಬಂದು ಆ ಕೈಗಳಿಗೂ ಕೆಲಸವಿಲ್ಲವಾಯಿತು. 1870ರ ದಶಕದಲ್ಲಿ ಬೋಸ್ಟನ್ನಿನ ಲೂಯಿ ಪ್ರ್ಯಾಂಗ್ ಮುದ್ರಿಸಿದ ಕಾರ್ಡುಗಳಲ್ಲಿ ಹೂಗಳೇ ಹೆಚ್ಚು. ನೋಡಿದರೆ ಯಾರೋ ಈಗಷ್ಟೇ ಕೈಯಿಂದ ಬರೆದಿಟ್ಟಂತಿರಬೇಕು ಎಂಬುದೇ ಆ ಅಚ್ಚಿನ ಹಂಬಲವಾಗಿತ್ತು.

ಈ ರೂಢಿ ಭಾರತಕ್ಕೆ ಬರಲು ತಡವಾಗಲಿಲ್ಲ. 1879ರಲ್ಲಿ ಕಾಲಾಣೆಯ ಅಂಚೆ ಕಾರ್ಡು ಬಂತು, ರೈಲು ಊರೂರಿಗೆ ಪತ್ರ ಮುಟ್ಟಿಸತೊಡಗಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲಾಹೋರ್, ದಿಲ್ಲಿ, ಬೊಂಬಾಯಿಯ ಪ್ರಕಾಶಕರು ಈದ್ ಕಾರ್ಡುಗಳನ್ನು ಅಚ್ಚು ಹಾಕಿಸುತ್ತಿದ್ದರು. ಯೂರೋಪಿನಲ್ಲಿ ತಯಾರಾದ ಕಾರ್ಡಿನ ಮೇಲೆಯೇ ಉರ್ದು ಲಿಪಿಯಲ್ಲಿ ‘ಈದ್ ಮುಬಾರಕ್’ ಎಂದು ಮುದ್ರಿಸಿದ್ದೂ ಉಂಟು. ವ್ಯಾಪಾರಿಗೆ ಗುಲಾಬಿ ಯಾವ ಹಬ್ಬದ್ದಾದರೇನು?

ಆದರೆ ನಮಗೆ ಮುಖ್ಯವೆನಿಸುವುದು ಅಂಚೆಯ ಕತೆಯಲ್ಲ. ಪ್ರೀತಿಪಾತ್ರರಿಗೆಂದು ಕಾಗದದ ಮೇಲೆ ಹೂಗಳು, ಜೊತೆಗೆ ಕೊಡುವವರದೇ ಕೈಬರಹದ ಒಂದು ಸಾಲು - ಇದಕ್ಕೆ ನಮ್ಮ ನೆಲದಲ್ಲಿ ಹಾರ್ಸ್ಲಿಯ ಕಾರ್ಡಿಗಿಂತ ಇನ್ನೂರು ವರ್ಷ ಹಳೆಯ ಸಾಕ್ಷಿಯೊಂದಿದೆ. ಅದನ್ನು ತಿಳಿಯಬೇಕಾದರೆ ಮೊದಲು ಕಾಶ್ಮೀರಕ್ಕೆ ಹೋಗಬೇಕು.

1620ರ ವಸಂತದಲ್ಲಿ ಬಾದಶಹ ಜಹಾಂಗೀರ್ ಕಾಶ್ಮೀರದಲ್ಲಿದ್ದರು. ಕಣಿವೆಯ ಹೂಗಳನ್ನು ಕಂಡು ಬೆರಗಾದ ಅವರು ಅವನ್ನು ಬರೆಯುವ ಕೆಲಸವನ್ನು ಉಸ್ತಾದ್ ಮನ್ಸೂರ್‌ಗೆ ವಹಿಸಿದರು. ‘ನಾದಿರುಲ್ ಅಸ್ರ್’, ಅಂದರೆ ಯುಗದ ಅಪೂರ್ವ ವ್ಯಕ್ತಿ, ಎಂಬ ಬಿರುದು ಪಡೆದಿದ್ದ ಮನ್ಸೂರ್ ಅಲ್ಲಿ ನೂರಕ್ಕೂ ಹೆಚ್ಚು ಹೂಗಳನ್ನು ಬರೆದರೆಂದು ಜಹಾಂಗೀರ್ ತಮ್ಮ ಆತ್ಮಕಥೆಯಲ್ಲಿಯೇ ದಾಖಲಿಸಿದ್ದಾರೆ. ಆ ನೂರರಲ್ಲಿ ಉಳಿದುಬಂದದ್ದು ತೀರಾ ಕಡಿಮೆ. ಮನ್ಸೂರರ ಒಂದು ಕೆಂಪು ಟ್ಯುಲಿಪ್ ಅಲಿಘರ್ ಮುಸ್ಲಿಂ ವಿಶ್ವವಿದ್ಯಾನಿಲಯದ ಮೌಲಾನಾ ಆಝಾದ್ ಲೈಬ್ರರಿಯಲ್ಲಿದೆ. ಪಾದ್ರಿಗಳ ಮೂಲಕ ಆಸ್ಥಾನಕ್ಕೆ ಬಂದಿದ್ದ ಯೂರೋಪಿನ ಸಸ್ಯಪುಸ್ತಕಗಳ ಪ್ರಭಾವವನ್ನೂ ಈ ಕಾಲದ ಹೂಚಿತ್ರಗಳಲ್ಲಿ ಇತಿಹಾಸಕಾರರು ಗುರುತಿಸಿದ್ದಾರೆ. ಯಾರಿಂದ ಯಾರು ಕಲಿತರು ಎಂಬ ಜಗಳಕ್ಕೆ ಹೂಗಳ ವಿಷಯದಲ್ಲಿ ಅರ್ಥವಿಲ್ಲ.

ಅವರ ಬಣ್ಣವೂ ಜಲವರ್ಣವೇ. ಇಂದಿನ ಬಣ್ಣದ ಬಿಲ್ಲೆಯಲ್ಲಿ ಪುಡಿಯನ್ನು ಹಿಡಿದಿಡುವುದು ಜಾಲಿ ಜಾತಿಯ ಮರದ ಗೋಂದು. ಮೊಗಲ್ ಕಾರ್ಖಾನೆಯಲ್ಲಿ ನೀಲಿಕಲ್ಲನ್ನೂ ಹಸಿರುಕಲ್ಲನ್ನೂ ಅರೆದು ಕಲಸುತ್ತಿದ್ದದ್ದೂ ಅಂಥದೇ ಗೋಂದಿನಲ್ಲಿ. ಆದರೆ ವಿಧಾನ ಬೇರೆ. ಹಲವು ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ ‘ವಸ್ಲಿ’ ಎಂಬ ಗಟ್ಟಿ ಕಾಗದ ಮಾಡುತ್ತಿದ್ದರು. ಅಳಿಲಿನ ಬಾಲದ ಕೂದಲಿನ ಬ್ರಶ್ಶಿನಿಂದ, ಬಿಳಿ ಬೆರೆಸಿದ ಮಂದ ಬಣ್ಣವನ್ನು ಪದರ ಪದರವಾಗಿ ಹಚ್ಚುತ್ತಿದ್ದರು. ನಡುನಡುವೆ ಚಿತ್ರವನ್ನು ಮಗುಚಿ ಹಾಕಿ ಹಿಂಬದಿಯಿಂದ ನುಣುಪುಕಲ್ಲಿನಲ್ಲಿ ಉಜ್ಜಿದರೆ ಮೈ ದಂತದಂತೆ ಹೊಳೆಯುತ್ತಿತ್ತು.

ಜಹಾಂಗೀರರ ಮೊಮ್ಮಗ ದಾರಾ ಶುಕೋಹ್. 1633ರಲ್ಲಿ ಅವರ ಮದುವೆ ನಾದಿರಾ ಬಾನು ಬೇಗಮರೊಂದಿಗೆ ಆಯಿತು. ಆಕೆ ಜಹಾಂಗೀರರ ಇನ್ನೊಬ್ಬ ಮಗ ಪರ್ವೇಝರ ಮಗಳು. ಸಂಬಂಧ ಕುದುರಿಸಿದ್ದ ಮುಮ್ತಾಝ್ ಮಹಲ್ 1631ರಲ್ಲಿ ತೀರಿಕೊಂಡದ್ದರಿಂದ ಮದುವೆ ಮುಂದಕ್ಕೆ ಹೋಗಿತ್ತು. ಕೊನೆಗೆ ನಡೆದಾಗ 32 ಲಕ್ಷ ರೂಪಾಯಿ ಖರ್ಚಾಯಿತು ಎನ್ನುತ್ತವೆ ದಾಖಲೆಗಳು. ಆ ದೀಪಾಲಂಕಾರ, ಆ ಪಟಾಕಿ, ಆ ಉಡುಗೊರೆಗಳೆಲ್ಲ ಎಲ್ಲಿ ಹೋದವೋ! ಉಳಿದದ್ದು ಒಂದು ಚಿತ್ರಸಂಪುಟ.

ಮದುವೆಯ ಆಸುಪಾಸಿನ ವರ್ಷಗಳಲ್ಲಿ ದಾರಾ ಕೂಡಿಸಿದ ಈ ಸಂಪುಟದಲ್ಲಿ 68 ಚಿತ್ರಗಳಿವೆ, ನಡುವೆ ಸುಂದರ ಕೈಬರಹದ ಪುಟಗಳಿವೆ. ಚಿತ್ರಗಳನ್ನು ಎದುರುಬದುರಾಗಿ ಜೋಡಿಸಲಾಗಿದೆ: ಹಕ್ಕಿಗೆದುರು ಹಕ್ಕಿ, ಹೂವಿಗೆದುರು ಹೂ. ಪುಸ್ತಕ ಮುಚ್ಚಿದರೆ ಒಂದು ಹೂ ಇನ್ನೊಂದಕ್ಕೆ ಮುಖ ಕೊಟ್ಟು ಮಲಗುತ್ತದೆ. ಬಹುತೇಕ ಚಿತ್ರಗಳ ಮೇಲೆ ಬರೆದವರ ಹೆಸರಿಲ್ಲ. 1640ರ ದಶಕದಲ್ಲಿ ದಾರಾ ಇದನ್ನು ನಾದಿರಾಗೆ ಕೊಟ್ಟರು. ಕೊಡುವಾಗ ತಮ್ಮದೇ ಕೈಯಲ್ಲಿ, ಇದು ತನ್ನ ಅತ್ಯಂತ ಆತ್ಮೀಯ ಒಡನಾಡಿಗೆ ಎಂಬರ್ಥದ ಒಂದು ಬರಹವನ್ನೂ ಬರೆದರು, ತಮ್ಮ ಹೆಸರನ್ನೂ ತಂದೆ ಶಾಹ್‌ಜಹಾನರ ಹೆಸರನ್ನೂ ಸೇರಿಸಿದರು. ಸಾಮ್ರಾಜ್ಯದ ಉತ್ತರಾಧಿಕಾರಿ ಎನಿಸಿಕೊಂಡವನಿಗೆ ಒಡವೆಗಳೇನೂ ಕಡಿಮೆಯಿರಲಿಲ್ಲ. ಆದರೂ ಆ ಸಾಲನ್ನು ಗುಮಾಸ್ತನಿಂದ ಬರೆಸಲಿಲ್ಲ ಎಂಬುದನ್ನು ನಾವು ಗಮನಿಸಬೇಕು. ಅಂತಃಪುರಗಳಲ್ಲಿ ಹಲವು ಪತ್ನಿಯರಿದ್ದ ಆ ಕಾಲದಲ್ಲಿ ದಾರಾ ಇನ್ನೊಂದು ಮದುವೆಯನ್ನೂ ಆಗಲಿಲ್ಲ.

ಸಿಂಹಾಸನದ ಯುದ್ಧದಲ್ಲಿ ದಾರಾ ಸೋತರು. 1659ರಲ್ಲಿ ಕಂದಹಾರ್ ದಾಟಿ ಇರಾನಿಗೆ ಹೋಗುವ ಆಸೆಯಿಂದ ಓಡುತ್ತಿದ್ದಾಗ ಬೋಲಾನ್ ಕಣಿವೆಯ ಬಳಿ ನಾದಿರಾ ಕಾಯಿಲೆಯಿಂದ ತೀರಿಕೊಂಡರು. ತನ್ನೊಂದಿಗೆ ಉಳಿದಿದ್ದ ಕೆಲವೇ ಸೈನಿಕರನ್ನು ದಾರಾ ಶವದ ಜೊತೆ ಲಾಹೋರಿಗೆ ಕಳುಹಿಸಿಕೊಟ್ಟರು. ತಾವು ಗುರುಗಳೆಂದು ಗೌರವಿಸುತ್ತಿದ್ದ ಮಿಯಾನ್ ಮೀರರ ಸಮಾಧಿಯ ಸಮೀಪ ಆಕೆಯ ದಫನ ಆಗಲಿ ಎಂಬುದು ಅವರ ಬಯಕೆಯಾಗಿತ್ತು. ಕಾವಲಿಲ್ಲದ ದಾರಾ, ಆಶ್ರಯ ಕೊಟ್ಟವನ ದ್ರೋಹಕ್ಕೆ ಸಿಕ್ಕಿ ಸೆರೆಯಾದರು. ಅದೇ ವರ್ಷದ ಆಗಸ್ಟ್ ಕೊನೆಯಲ್ಲಿ ದಿಲ್ಲಿಯಲ್ಲಿ ಅವರ ಕೊಲೆಯಾಯಿತು.

ಸಂಪುಟ ಅರಮನೆಯ ಗ್ರಂಥಾಲಯ ಸೇರಿತು. ಅಲ್ಲಿ ಯಾರೋ ಕುಳಿತು, ಅದರಲ್ಲಿ ದಾರಾನ ಹೆಸರು ಬರುವ ಬರಹಗಳನ್ನು ಅಳಿಸಲು ತೊಡಗಿದರು. ಆ ಕೈ ಯಾರದು, ಅಪ್ಪಣೆ ಪಾಲಿಸಿತೋ, ಹೆದರಿ ತಾನಾಗಿ ಮಾಡಿತೋ? ಒಂದಂತೂ ನಿಜ. ರಾಜಕೀಯಕ್ಕೆ ಎರವಾದದ್ದು ಆ ಕೈಬರಹ, ಚಿತ್ರಗಳಲ್ಲ. ಹೂಗಳು ಯಾರ ಪರವೂ ಇರಲಿಲ್ಲವಲ್ಲ, ಅವುಗಳನ್ನು ಇಟ್ಟುಕೊಳ್ಳಬಹುದಿತ್ತು. ಅವು ಯಾರಿಂದ ಯಾರಿಗೆ ಎಂಬ ಮಾತು ಉಳಿಯಬಾರದಿತ್ತು.

ಅಳಿಸಿದ ಕೈಯ ಕೆಲಸ ಪೂರ್ತಿಯಾಗಲಿಲ್ಲ. ಸಂಪುಟ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ದಾರಾ ದಿಲ್ಲಿಯಲ್ಲಿ ಹುಮಾಯೂನ್ ಗೋರಿಯ ಆವರಣದಲ್ಲಿದ್ದಾರೆ, ನಾದಿರಾ ಲಾಹೋರಿನಲ್ಲಿ. ಹಾಳೆಯ ಮೇಲೆ ಎರಡು ಹೆಸರುಗಳನ್ನೂ ವಿದ್ವಾಂಸರು ಓದಿದ್ದಾರೆ.