ಚಾವಣಿಯ ದೀಪ ಕೆಟ್ಟಾಗ: ಸ್ವಿಚ್ ಆರಿಸಿದರಷ್ಟೇ ಸಾಲದು

ಚಾವಣಿಯ ದೀಪ ಉರಿಯದಿದ್ದರೆ ಬಲ್ಬ್ ಸುಟ್ಟಿದೆ ಎಂದು ಭಾವಿಸುವುದು ವಾಡಿಕೆ. ಆದರೆ ದೋಷವು ಹೋಲ್ಡರ್, ಸ್ವಿಚ್, ತಂತಿಯ ಜೋಡಣೆ ಅಥವಾ ಎಲ್‌ಇಡಿ ದೀಪದ ಡ್ರೈವರ್‌ನಲ್ಲಿಯೂ ಇರಬಹುದು. ಇವುಗಳಲ್ಲಿ ಕೆಲವನ್ನು ಮನೆಯವರೇ ಸರಿಪಡಿಸಬಹುದು. ಆದರೆ ಮನೆಗೆ ಬರುವ 230 ವೋಲ್ಟ್ ವಿದ್ಯುತ್ ಪ್ರಾಣ ತೆಗೆಯಲು ಸಾಕು. ಹಾಗಾಗಿ ದೀಪವನ್ನು ಬಿಚ್ಚುವ ಮುನ್ನ ವಿದ್ಯುತ್ ನಿಜಕ್ಕೂ ಕಡಿತಗೊಂಡಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು.

ಎರಡು ಅಪಾಯಗಳು

ಗೋಡೆಯ ಸ್ವಿಚ್ ಫೇಸ್ ತಂತಿಯನ್ನು ಕಡಿಯುವಂತಿರಬೇಕು. ತಪ್ಪಾಗಿ ಅದನ್ನು ನ್ಯೂಟ್ರಲ್ ತಂತಿಗೆ ಜೋಡಿಸಿದ್ದರೆ, ದೀಪ ಆರಿದ ಮೇಲೂ ಹೋಲ್ಡರ್‌ನಲ್ಲಿ ವಿದ್ಯುತ್ ಇರುತ್ತದೆ. ಆದ್ದರಿಂದ ಆ ಕೋಣೆಯ ಎಂಸಿಬಿ ಅಥವಾ ಮುಖ್ಯ ಸ್ವಿಚ್ಚನ್ನೇ ಆರಿಸಬೇಕು.

ಎರಡನೆಯದು ಇನ್ವರ್ಟರ್. ಮುಖ್ಯ ಸ್ವಿಚ್ ಆರಿಸಿದೊಡನೆ ಅದು ಕರೆಂಟು ಹೋಯಿತೆಂದು ಭಾವಿಸಿ ಬ್ಯಾಟರಿಯಿಂದ ದೀಪಗಳಿಗೆ ವಿದ್ಯುತ್ ಪೂರೈಸುತ್ತದೆ. ಇನ್ವರ್ಟರ್ ಇರುವ ಮನೆಗಳಲ್ಲಿ ಅದನ್ನೂ ಪ್ರತ್ಯೇಕವಾಗಿ ಆರಿಸುವುದು ಅನಿವಾರ್ಯ.

ಬಳಿಕ ಟೆಸ್ಟರ್‌ನಿಂದ ಪರೀಕ್ಷಿಸಬೇಕು. ಟೆಸ್ಟರ್ ಸರಿಯಾಗಿದೆಯೇ ಎಂಬುದನ್ನು ಎಂಸಿಬಿ ಆರಿಸುವ ಮೊದಲೇ ವಿದ್ಯುತ್ ಇರುವ ಸಾಕೆಟ್‌ನಲ್ಲಿ ನೋಡಿಕೊಂಡಿರಬೇಕು. ಒಣ ಮರದ ಮೇಲೆ ನಿಂತಾಗ ನಿಯಾನ್ ಟೆಸ್ಟರ್ ಮಂದವಾಗಿ ಉರಿದು ದಾರಿ ತಪ್ಪಿಸುವುದುಂಟು. ಅದು ಉರಿಯದಿದ್ದರೂ ತಂತಿಯ ತುದಿಯನ್ನು ಬರಿಗೈಯಲ್ಲಿ ಮುಟ್ಟಬಾರದು. ಆರ್‌ಸಿಸಿಬಿ ಅಳವಡಿಸಿದ್ದರೂ, ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಮುಟ್ಟಿದವರನ್ನು ಅದು ಕಾಪಾಡುವ ಭರವಸೆಯಿಲ್ಲ. ಏರಲು ಅಲುಗಾಡದ ಮರದ ಅಥವಾ ಫೈಬರ್ ಏಣಿ ಸೂಕ್ತ. ಅಲ್ಯೂಮಿನಿಯಂ ಏಣಿ, ಪ್ಲಾಸ್ಟಿಕ್ ಕುರ್ಚಿ ಸಲ್ಲದು.

ದೋಷ ಪತ್ತೆ ಹೇಗೆ?

ಅದೇ ಕೋಣೆಯ ಫ್ಯಾನ್ ಹಾಗೂ ಇತರ ದೀಪಗಳೂ ನಿಂತಿದ್ದರೆ ಎಂಸಿಬಿ ಬಿದ್ದಿರಬಹುದು. ಒಮ್ಮೆ ಮೇಲೆತ್ತಿದ ನಂತರ ಮತ್ತೆ ಬಿದ್ದರೆ ಅದನ್ನು ಹಾಗೆಯೇ ಬಿಡಬೇಕು. ಒಂದೇ ದೀಪ ಕೆಟ್ಟಿದ್ದರೆ ಸುಸ್ಥಿತಿಯಲ್ಲಿರುವ ಬೇರೊಂದು ಬಲ್ಬ್ ಹಾಕಿ ನೋಡಬೇಕು.

ಅದೂ ಉರಿಯದಿದ್ದರೆ ಹೋಲ್ಡರ್ ಪರಿಶೀಲಿಸಬೇಕು. ಅದರೊಳಗಿನ ಎರಡು ಪಿನ್‌ಗಳ ಸ್ಪ್ರಿಂಗ್ ಸಡಿಲಗೊಂಡರೆ ಕಿಡಿ ಹಾರಿ ಭಾಗಗಳು ಕಪ್ಪಾಗುತ್ತವೆ. ಸುಟ್ಟ ಅಥವಾ ಬಿರುಕು ಬಿಟ್ಟ ಹೋಲ್ಡರ್ ದುರಸ್ತಿಗೆ ಯೋಗ್ಯವಲ್ಲ, ಹೊಸದನ್ನೇ ಹಾಕಬೇಕು.

ಚೋಕ್ ಇರುವ ಹಳೆಯ ಟ್ಯೂಬ್‌ಲೈಟಿನ ಎರಡೂ ತುದಿ ಕೆಂಪಾಗಿ ಉರಿದು ನಡುವೆ ಬೆಳಗದಿದ್ದರೆ ಸ್ಟಾರ್ಟರ್ ಬದಲಿಸಿ ನೋಡಬೇಕು. ತುದಿಗಳು ಕಪ್ಪಾಗಿ ಬೆಳಕು ಕುಂದಿದ್ದರೆ ಟ್ಯೂಬ್‌ನ ಆಯುಷ್ಯ ಮುಗಿದಿದೆ ಎಂದರ್ಥ. ಇದರಲ್ಲಿ ಪಾದರಸವಿರುವುದರಿಂದ ಮನೆಯ ಕಸದೊಡನೆ ಎಸೆಯದೆ ಇ-ತ್ಯಾಜ್ಯ ಸಂಗ್ರಹಕಾರರಿಗೆ ಒಪ್ಪಿಸಬೇಕು.

ಎಲ್‌ಇಡಿ ದೀಪಗಳ ಸಮಸ್ಯೆ

ಆರಿಸಿದ ಮೇಲೂ ಎಲ್‌ಇಡಿ ದೀಪ ಮಂದವಾಗಿ ಬೆಳಗುತ್ತಿದ್ದರೆ ಅಲಕ್ಷಿಸುವಂತಿಲ್ಲ. ಸ್ವಿಚ್‌ನಲ್ಲಿರುವ ಪುಟ್ಟ ಸೂಚಕ ದೀಪದ ಮೂಲಕ ಹರಿಯುವ ಅಲ್ಪ ವಿದ್ಯುತ್ ಇದಕ್ಕೆ ಕಾರಣವಾಗಿರಬಹುದು. ಸ್ವಿಚ್ ನ್ಯೂಟ್ರಲ್ ತಂತಿಯಲ್ಲಿರುವುದರ ಸುಳಿವೂ ಆಗಿರಬಹುದು.

ಫಾಲ್ಸ್ ಸೀಲಿಂಗ್‌ನ ಪ್ಯಾನಲ್ ದೀಪ ಮಿನುಗಿ ನಿಂತರೆ, ಪ್ಯಾನಲ್‌ಗಿಂತ ಮೊದಲು ಡ್ರೈವರ್ ಮೇಲೆ ಸಂಶಯ ಪಡಬೇಕು. ಶಾಖವೇ ಅದರ ಮುಖ್ಯ ಶತ್ರು. ಡ್ರೈವರ್ ಬೇರೆಯಾಗಿದ್ದರೆ ಅದನ್ನಷ್ಟೇ ಬದಲಿಸಬಹುದು. ಆದರೆ ಹೊಸದರ ಮೇಲೆ ಮುದ್ರಿಸಿದ ಮಿಲಿಆಂಪಿಯರ್ ಹಾಗೂ ವೋಲ್ಟ್ ಪ್ರಮಾಣ ಹಳೆಯದಕ್ಕೆ ಹೊಂದಬೇಕು.

ಮಿತಿ ಎಲ್ಲಿದೆ?

ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಾವಳಿಯು ಈ ಮಿತಿಯನ್ನು ಗುರುತಿಸಿದೆ. ವ್ಯವಸ್ಥೆಯ ಸಾಮರ್ಥ್ಯ ಅಥವಾ ಸ್ವರೂಪ ಬದಲಾಗದಂತೆ ದೀಪ, ಸ್ವಿಚ್, ಫ್ಯೂಸ್ ಮುಂತಾದವನ್ನು ಬದಲಿಸಲು ಅಡ್ಡಿಯಿಲ್ಲ. ಹೊಸ ಪಾಯಿಂಟ್, ತಂತಿಯ ಮಾರ್ಪಾಡು ಇತ್ಯಾದಿಗಳು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರ ಕೆಲಸ.

ಸುಟ್ಟ ವಾಸನೆ, ಕರಗಿದ ತಂತಿ ಅಥವಾ ಪದೇ ಪದೇ ಬೀಳುವ ಎಂಸಿಬಿ ಕಂಡುಬಂದರೆ ಮನೆಯವರು ಅಲ್ಲಿಗೇ ನಿಲ್ಲಿಸಬೇಕು. ಮಳೆಗಾಲದಲ್ಲಿ ತಾರಸಿಯ ನೀರು ಪೈಪಿನ ಮೂಲಕ ದೀಪದೊಳಗೆ ಇಳಿದಿದ್ದರೆ ಸ್ವಿಚ್ಚನ್ನೂ ಮುಟ್ಟದೆ, ಒಣಗಿದ ಜಾಗದಲ್ಲಿ ನಿಂತು ಎಂಸಿಬಿ ಆರಿಸಿ ಎಲೆಕ್ಟ್ರಿಷಿಯನ್‌ರನ್ನು ಕರೆಸಬೇಕು. ಸೋರಿಕೆ ನಿಲ್ಲಿಸದೆ ಹೊಸ ದೀಪ ಹಾಕಿದರೆ ಅಪಾಯ ಅಲ್ಲಿಯೇ ಉಳಿಯುತ್ತದೆ.