ಮುಚ್ಚಿಹೋದ ಕಿವಿಯ ತೂತು

ಪ್ರಯೋಗಾಲಯದ ಇಲಿಗಳನ್ನು ಗುರುತಿಸಲು ಕಿವಿಯಲ್ಲಿ ಸಣ್ಣ ತೂತು ಹೊಡೆಯುವುದು ಹಳೆಯ ರೂಢಿ. ಅಂಚಿನ ಗಾಯ ಮಾಯುತ್ತದೆ, ತೂತು ಮಾತ್ರ ಇಲಿ ಬದುಕಿರುವವರೆಗೂ ಉಳಿಯುತ್ತದೆ. 1990ರ ದಶಕದಲ್ಲಿ ಅಮೆರಿಕದ ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆಯಲ್ಲಿ ಎಲೆನ್ ಹೀಬರ್-ಕಾಟ್ಜ್ ಅವರ ತಂಡ ಎಂಆರ್‌ಎಲ್ ಎಂಬ ತಳಿಯ ಇಲಿಗಳಿಗೆ ಹೀಗೆ ಗುರುತು ಹಾಕಿತು. ಕೆಲವೇ ವಾರಗಳಲ್ಲಿ ಗುರುತೇ ಮಾಯ! ಲೂಪಸ್‌ನಂಥ ಕಾಯಿಲೆಗಳ ಅಧ್ಯಯನಕ್ಕೆಂದು ತಂದ ಇಲಿಗಳಿವು; ಗಾಯದ ವಿಷಯ ಯಾರ ತಲೆಯಲ್ಲೂ ಇರಲಿಲ್ಲ. 2 ಮಿ.ಮೀ. ಅಗಲದ ತೂತು ಸುಮಾರು ನಾಲ್ಕು ವಾರಗಳಲ್ಲಿ ಮುಚ್ಚಿ, ಒಳಗೆ ಹೊಸ ಮೃದ್ವಸ್ಥಿಯೂ ಬೆಳೆದಿತ್ತು. ಇದೇ ಇಲಿಯ ಬೆನ್ನಿನ ಗಾಯ ಮಾತ್ರ ಉಳಿದ ಇಲಿಗಳಂತೆಯೇ ಕಲೆಗಟ್ಟುತ್ತದೆ ಎಂಬುದು ಇನ್ನೂ ವಿಚಿತ್ರ.

ಎಂಆರ್‌ಎಲ್ ರೂಪುಗೊಂಡದ್ದು ತಳಿ ಬೆರಕೆಯಿಂದ, ವಂಶವಾಹಿ ತಿದ್ದುಪಡಿಯಿಂದಲ್ಲ. ತಿದ್ದಿದ ಇಲಿಯ ಸರದಿ ಬಂದದ್ದು 2010ರಲ್ಲಿ. ಜೀವಕೋಶ ವಿಭಜನೆಗೆ ಬ್ರೇಕ್ ಹಾಕುವ ಪಿ21 ಎಂಬ ವಂಶವಾಹಿಯ ಚಟುವಟಿಕೆಯ ಕೊರತೆ ಎಂಆರ್‌ಎಲ್ ಕೋಶಗಳಲ್ಲಿ ಕಂಡಿತ್ತು. ಸಾಮಾನ್ಯ ಇಲಿಯಲ್ಲಿ ಅದನ್ನು ತೆಗೆದುಹಾಕಿದರೆ? ಅಂಥ ಇಲಿಗಳ ಕಿವಿಯ ತೂತೂ ಮುಚ್ಚಿತು. ಆದರೆ ಹಾನಿಗೊಂಡ ಕೋಶ ಮನಬಂದಂತೆ ಒಡೆದು ಹೆಚ್ಚದಂತೆ ತಡೆಯುವುದೂ ಪಿ21ರ ಕೆಲಸವೇ. ಹಾಗಾಗಿ ಮನುಷ್ಯರಲ್ಲಿ ಅದನ್ನು ಕಿತ್ತುಹಾಕುವ ಮಾತು ಸುಲಭದ್ದಲ್ಲ.

2013ರಲ್ಲಿ ಬಾಸ್ಟನ್‌ನ ವಿಜ್ಞಾನಿಗಳು ಬೇರೆ ದಾರಿ ಹಿಡಿದರು. ಭ್ರೂಣದಲ್ಲಿ ಚುರುಕಾಗಿದ್ದು ಆಮೇಲೆ ತಣ್ಣಗಾಗುವ ಲಿನ್28ಎ ಎಂಬ ವಂಶವಾಹಿಯನ್ನು ಇಲಿಗಳಲ್ಲಿ ಮತ್ತೆ ಎಬ್ಬಿಸಿದರು. ಬೋಳಿಸಿದ ಕೂದಲು ಬೇಗ ಬೆಳೆಯಿತು, ಕಿವಿ ಮತ್ತು ಬೆರಳ ತುದಿಯ ಗಾಯಗಳು ಚೆನ್ನಾಗಿ ತುಂಬಿಕೊಂಡವು. ಹೃದಯಕ್ಕೆ ಮಾತ್ರ ಆ ಲಾಭ ದಕ್ಕಲಿಲ್ಲ.