ಇರಾನಿನ ಕನಾತ್, ನಮ್ಮ ಗುಡ್ಡೆಯ ಸುರಂಗ



ಏಳನೇ ತರಗತಿಯಲ್ಲಿ ವಿಶ್ವ ಪರಂಪರೆಯ ತಾಣಗಳ ವಿಷಯ ನಡೆಯುತ್ತಿತ್ತು. ತಾಜ್ ಮಹಲ್, ಹಂಪಿ, ಪಟ್ಟದಕಲ್ಲು, ಪಶ್ಚಿಮ ಘಟ್ಟ... ಹೀಗೆ ಬೋರ್ಡಿನ ಮೇಲೆ ಬರೆಯುತ್ತಾ ಹೋದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಮಾಷ್ಟ್ರೇ, ನಮ್ಮ ಕಾಸರಗೋಡಿನದ್ದು ಒಂದೂ ಇಲ್ವಾ?" ಎಂದು ಕೇಳಿದ. ಇಲ್ಲ ಎಂದೆ. 2012ರಲ್ಲಿ ಪಶ್ಚಿಮ ಘಟ್ಟದ 39 ಜಾಗಗಳನ್ನು ಯುನೆಸ್ಕೋ ಪಟ್ಟಿಗೆ ಸೇರಿಸಿದಾಗ ಕೇರಳದ 20, ಕರ್ನಾಟಕದ 10 ಜಾಗಗಳು ಅದರಲ್ಲಿ ಬಂದವು. ಆದರೆ ನಮ್ಮ ಜಿಲ್ಲೆಯದ್ದು ಒಂದೂ ಇರಲಿಲ್ಲ. ಹುಡುಗ ಸಪ್ಪೆ ಮೋರೆ ಮಾಡಿ ಕುಳಿತುಕೊಂಡ.

ಸಂಜೆ ಮನೆಗೆ ನಡೆದು ಬರುವಾಗ ನನಗೆ ಅನ್ನಿಸಿತು, ನಾನು ಕೊಟ್ಟದ್ದು ಅರ್ಧ ಉತ್ತರ. ಅದೇ ಹುಡುಗನ ಮನೆಯ ಹಿಂದಿನ ಗುಡ್ಡೆಯಲ್ಲಿ ಒಂದು ಸುರಂಗ ಇದೆ. ಅವನು ದಿನಾ ಕುಡಿಯುವುದು ಅದರ ನೀರನ್ನೇ. ಅದನ್ನೇ ಹೋಲುವ ಇನ್ನೊಂದು ಸುರಂಗ ಸಾವಿರಾರು ಕಿಲೋಮೀಟರ್ ದೂರದಲ್ಲಿ ವಿಶ್ವ ಪರಂಪರೆಯ ಪಟ್ಟಿಯಲ್ಲಿ ಕುಳಿತಿದೆ! ಆ ಕತೆಯನ್ನೇ ಇವತ್ತು ಹೇಳುತ್ತೇನೆ.

ಇರಾನ್ ದೇಶದ ಬಹುಭಾಗ ಮರುಭೂಮಿ. ಮಳೆ ತೀರಾ ಕಡಿಮೆ. ಆದರೆ ಬೆಟ್ಟಗಳ ಬುಡದಲ್ಲಿ, ನೆಲದ ಆಳದಲ್ಲಿ ನೀರಿದೆ. ಆ ನೀರನ್ನು ಎತ್ತುವ ಬದಲು ಅದಾಗಿಯೇ ಹರಿದು ಬರುವಂತೆ ಮಾಡಿದರೆ ಹೇಗೆ? ಅಲ್ಲಿಯ ಜನ ಎರಡು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಹಾಗೆ ಯೋಚಿಸಿದರು. ಬೆಟ್ಟದ ಬುಡದಲ್ಲಿ ಮೊದಲು ಒಂದು ಆಳವಾದ ಬಾವಿ ತೋಡಿ ನೀರು ಇದೆಯೇ ಎಂದು ನೋಡುತ್ತಾರೆ. ಅದಕ್ಕೆ ತಾಯಿಬಾವಿ ಎಂದು ಹೆಸರು. ಆಮೇಲೆ ಕೆಳಗಿನ ಊರಿನ ಕಡೆಯಿಂದ ಆ ಬಾವಿಯ ದಿಕ್ಕಿಗೆ ನೆಲದಡಿಯಲ್ಲಿ ಸುರಂಗ ಕೊರೆಯುತ್ತಾ ಬರುತ್ತಾರೆ. ಇಳಿಜಾರು ಅತಿಯಾದರೆ ನೀರು ರಭಸದಿಂದ ಹರಿದು ಸುರಂಗವನ್ನೇ ಕೊರೆದುಬಿಡುತ್ತದೆ, ಕಡಿಮೆಯಾದರೆ ನಿಂತು ಹೂಳು ತುಂಬುತ್ತದೆ. ಹಾಗಾಗಿ ಬಹಳ ಹದವಾದ ಇಳಿಜಾರು ಬೇಕು. ಮಣ್ಣು ಮೇಲೆತ್ತಲು ಮತ್ತು ಗಾಳಿಯಾಡಲು ಅಲ್ಲಲ್ಲಿ ನೇರ ಬಾವಿಗಳು. ಆಕಾಶದಿಂದ ನೋಡಿದರೆ ಇರುವೆ ಗೂಡುಗಳನ್ನು ಸಾಲಾಗಿ ಇಟ್ಟಂತೆ ಕಾಣುತ್ತದೆ. ಇದೇ ಕನಾತ್.

ಗೊನಾಬಾದ್ ಎಂಬಲ್ಲಿನ ಕನಾತ್ ಸುಮಾರು 33 ಕಿಲೋಮೀಟರ್ ಉದ್ದ! ಅದಕ್ಕೆ ನಾನೂರಕ್ಕೂ ಹೆಚ್ಚು ಬಾವಿಗಳಿವೆ. ಈ ಕೆಲಸ ಮಾಡುವವರಿಗೆ ಮುಖನ್ನಿ ಎಂದು ಹೆಸರು. 2016ರಲ್ಲಿ ಯುನೆಸ್ಕೋ ಇರಾನಿನ 11 ಕನಾತ್‌ಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದಕ್ಕೂ ಮೊದಲು, 2006ರಲ್ಲಿ, ಒಮಾನ್ ದೇಶದ ಇಂಥದೇ ಐದು ನೀರಿನ ಕಾಲುವೆಗಳು ಸೇರಿದ್ದವು. ಅಲ್ಲಿ ಇದಕ್ಕೆ ಫಲಜ್ ಎನ್ನುತ್ತಾರೆ. ಅಫಘಾನಿಸ್ತಾನದಲ್ಲಿ ಕಾರೇಜ್, ಮೊರಾಕ್ಕೋದಲ್ಲಿ ಖೆತ್ತಾರಾ. ಹೆಸರು ಬೇರೆ ಬೇರೆ, ಉಪಾಯ ಒಂದೇ.

ಇದರ ಬಗ್ಗೆ ಪಾಲಿಬಿಯಸ್ ಎಂಬ ಗ್ರೀಕ್ ಇತಿಹಾಸಕಾರ ಬರೆದಿಟ್ಟ ಸಂಗತಿ ಸ್ವಾರಸ್ಯವಾಗಿದೆ. ಕ್ರಿ.ಪೂ. 209ರ ಹೊತ್ತಿಗೆ ಮೂರನೆಯ ಆಂಟಿಯೋಕಸ್ ಎಂಬ ರಾಜ ಪಾರ್ಥಿಯಾದ ಅರಸ ಅರ್ಸಾಕಿಸನ ಮೇಲೆ ದಂಡೆತ್ತಿ ಹೋದ. ದಾರಿಯಲ್ಲಿ ಮರುಭೂಮಿ. ಶತ್ರುವಿನ ಸೈನ್ಯಕ್ಕೆ ನೀರು ಸಿಗಬಾರದೆಂದು ಅರ್ಸಾಕಿಸ್ ನೆಲದಡಿಯ ಕಾಲುವೆಗಳ ಬಾವಿಗಳನ್ನು ಮುಚ್ಚಿಸತೊಡಗಿದ. ಆಂಟಿಯೋಕಸ್ ಕುದುರೆ ಸವಾರರನ್ನು ಕಳಿಸಿ ಅದನ್ನು ತಡೆಯಬೇಕಾಯಿತು. ಅಂದರೆ ಆ ಕಾಲಕ್ಕೇ ಕೋಟೆಗಿಂತ ನೀರಿನ ಬಾವಿ ಕಾಯುವುದು ಮುಖ್ಯವಾಗಿತ್ತು. ನನಗೆ ಇದಕ್ಕಿಂತ ಇಷ್ಟವಾದದ್ದು ಪಾಲಿಬಿಯಸ್ ಹೇಳುವ ಇನ್ನೊಂದು ಮಾತು. ನೀರಿಲ್ಲದ ಜಾಗಕ್ಕೆ ಯಾರು ನೀರು ತರುತ್ತಾರೋ ಅವರ ಐದು ತಲೆಮಾರಿನವರು ಆ ಭೂಮಿಯನ್ನು ಸಾಗುವಳಿ ಮಾಡಬಹುದು ಎಂದು ಹಿಂದೆ ಪರ್ಷಿಯನ್ನರು ಹಕ್ಕು ಕೊಟ್ಟಿದ್ದರಂತೆ. ಮಗ, ಮೊಮ್ಮಗ, ಮರಿಮಗ, ಗಿರಿಮಗ... ಲೆಕ್ಕ ಹಾಕಿ ನೋಡಿ!

ಈ ವಿದ್ಯೆ ನಮ್ಮ ಕನ್ನಡ ನಾಡಿಗೂ ಬಂದಿತ್ತು. 15ನೇ ಶತಮಾನದಲ್ಲಿ, ಬಹಮನಿ ಸುಲ್ತಾನರ ಕಾಲದಲ್ಲಿ, ಬೀದರಿನಲ್ಲಿ ಕಾರೇಜ್ ತೋಡಿದರು. ನೌಬಾದಿನ ಸುರಂಗ ಬಾವಿ ಇಂದಿಗೂ ಇದೆ. ಬೀದರಿನ ನೆಲವೂ ನಮ್ಮ ನೆಲದಂತೆ ಕೆಂಪುಕಲ್ಲಿನದು ಎಂಬುದನ್ನು ನೆನಪಿಡಿ. ಕಲ್ಲಿನ ವಿಷಯಕ್ಕೆ ಮುಂದೆ ಬರುತ್ತೇನೆ.

ಈಗ ನಮ್ಮ ಊರಿಗೆ ಬರೋಣ. ಬಾಯಾರು, ಪೈವಳಿಕೆ, ಪೆರ್ಲ, ಎಣ್ಮಕಜೆ ಕಡೆಯ ಮಕ್ಕಳಿಗೆ ಸುರಂಗ ಎಂದರೇನು ಎಂದು ವಿವರಿಸಬೇಕಾಗಿಲ್ಲ. ಗುಡ್ಡೆಯ ಬದಿಯಲ್ಲಿ ಒಬ್ಬ ಮನುಷ್ಯ ನಿಲ್ಲುವಷ್ಟು ಎತ್ತರ, ಒಬ್ಬನೇ ಹೋಗುವಷ್ಟು ಅಗಲದ ಕತ್ತಲೆ ಬಾಗಿಲು. ಒಳಗಿನಿಂದ ಸಣ್ಣಗೆ ಹರಿದು ಬರುವ ತಣ್ಣನೆ ನೀರು. ಬಾಗಿಲಲ್ಲಿ ಒಂದು ಮಣ್ಣಿನ ಟಾಂಕಿ. ಅಲ್ಲಿಂದ ತೋಟಕ್ಕೆ ಹಿಂದೆಲ್ಲಾ ಅಡಿಕೆ ಮರದ ದಂಬೆ, ಈಗ ಪೈಪು. ಕರೆಂಟು ಬೇಡ, ಪಂಪು ಬೇಡ. ಉದ್ದವನ್ನು ಅಳೆಯುವುದು ಕೋಲಿನ ಲೆಕ್ಕದಲ್ಲಿ, ಒಂದು ಕೋಲು ಎಂದರೆ ಸುಮಾರು 72 ಸೆಂಟಿಮೀಟರ್. ಹತ್ತಿಪ್ಪತ್ತು ಕೋಲಿಗೇ ನೀರು ಸಿಕ್ಕಿದ್ದೂ ಉಂಟು, ನೂರು ಕೋಲು ದಾಟಿದ್ದೂ ಉಂಟು. ಇಂಥ ಸಾವಿರಾರು ಸುರಂಗಗಳು ನಮ್ಮ ಜಿಲ್ಲೆಯಲ್ಲಿ, ಗಡಿಯಾಚೆ ಬಂಟ್ವಾಳ, ಪುತ್ತೂರು ಕಡೆಯ ಹಳ್ಳಿಗಳಲ್ಲಿ ಇವೆ.

ತೋಡುವ ಕೆಲಸ ಸುಲಭದ್ದಲ್ಲ. ಒಬ್ಬ ಒಳಗೆ ಕುಳಿತು ಪಿಕ್ಕಾಸಿನಿಂದ ಕಡಿಯುತ್ತಾನೆ, ಇನ್ನೊಬ್ಬ ಬುಟ್ಟಿಯಲ್ಲಿ ಮಣ್ಣು ಹೊರಗೆ ಹೊರುತ್ತಾನೆ. ಬೆಳಕಿಗೆ ಮೋಂಬತ್ತಿ. ಆ ಮೋಂಬತ್ತಿ ಬೆಳಕಿಗೆ ಮಾತ್ರವಲ್ಲ, ಪ್ರಾಣ ಕಾಯುವುದಕ್ಕೂ ಹೌದು. ಅದು ಮಂಕಾದರೆ ಆಮ್ಲಜನಕ ಕಡಿಮೆಯಾಯಿತು ಎಂದರ್ಥ, ಕೂಡಲೇ ಹೊರಗೆ ಬರಬೇಕು. ಇರಾನಿನ ಮುಖನ್ನಿಗಳೂ ಎಣ್ಣೆ ದೀಪವನ್ನು ಹೀಗೆಯೇ ಬಳಸುತ್ತಿದ್ದರು! ತೋಡುವುದು ಬೇಸಗೆಯಲ್ಲಿ. ಏಕೆಂದರೆ ಬೇಸಗೆಯಲ್ಲಿ ಒರತೆ ಸಿಕ್ಕಿದರೆ ಅದು ವರ್ಷವಿಡೀ ಇರುವ ನೀರು. ಎಲ್ಲಿ ತೋಡಬೇಕೆಂದು ಗುರುತಿಸಲು ಗುಡ್ಡೆಯ ಇಳಿಜಾರು, ಬೇಸಗೆಯಲ್ಲೂ ಹಸಿರಾಗಿರುವ ಗಿಡಮರ, ಹುತ್ತ ಇವನ್ನೆಲ್ಲ ನೋಡುತ್ತಾರೆ. ಆರನೇ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲೂ ಅಂತರ್ಜಲ ಹುಡುಕುವುದಕ್ಕೆ ಒಂದು ಅಧ್ಯಾಯವೇ ಇದೆ. ಅಲ್ಲಿಯೂ ಮರ ಮತ್ತು ಹುತ್ತಗಳೇ ಮುಖ್ಯ ಗುರುತುಗಳು. ನಮ್ಮ ಊರಿನ ಕೆಲಸಗಾರರು ಆ ಪುಸ್ತಕ ಓದಿದವರಲ್ಲ, ಗುಡ್ಡೆ ಓದಿದವರು.

ಹಾಗಾದರೆ ನಮ್ಮ ಸುರಂಗ ಇರಾನಿನಿಂದ ಬಂದದ್ದೇ? ಹೌದು ಎನ್ನುವವರಿದ್ದಾರೆ. ಈ ಕರಾವಳಿಗೆ ಅರಬರ, ಪರ್ಷಿಯನ್ನರ ಹಡಗುಗಳು ಬರುತ್ತಿದ್ದವಲ್ಲ, ಅವರೊಂದಿಗೆ ಈ ವಿದ್ಯೆಯೂ ಬಂದಿರಬೇಕು ಎಂಬುದು ಅವರ ವಾದ. ಅಡಿಕೆ ತೋಟಕ್ಕೆ ನೀರು ಬೇಕಾದಾಗ ಇಲ್ಲಿಯವರೇ ಕಂಡುಕೊಂಡದ್ದು ಎನ್ನುವವರೂ ಇದ್ದಾರೆ. ನಾನು ಎರಡನೆಯವರ ಕಡೆ. ಕಾರಣ ಹೇಳುತ್ತೇನೆ. ಕನಾತಿಗೆ ತಾಯಿಬಾವಿ ಬೇಕೇ ಬೇಕು, ನಮ್ಮ ಸುರಂಗಕ್ಕೆ ಅದು ಇಲ್ಲ. ಗುಡ್ಡೆಯ ಬದಿಯಿಂದ ನೇರ ಒಳಗೆ ಹೋಗುವುದು, ನೀರು ಸಿಗುವವರೆಗೆ. ಬಹಳ ಉದ್ದದವನ್ನು ಬಿಟ್ಟರೆ ಗಾಳಿ ಬಾವಿಯೂ ಇಲ್ಲ. ಕನಾತ್ ಒಂದು ಇಡೀ ಊರಿನ ಆಸ್ತಿ, ನೀರು ಹಂಚುವುದಕ್ಕೆ ಗಂಟೆಯ ಲೆಕ್ಕ, ಪಂಚಾಯಿತಿಕೆ. ನಮ್ಮ ಸುರಂಗ ಹೆಚ್ಚಾಗಿ ಒಂದು ಮನೆಯದು. ಇಷ್ಟು ವ್ಯತ್ಯಾಸವಿರುವಾಗ ಹೋಲಿಕೆ ಇದೆ ಎಂದ ಮಾತ್ರಕ್ಕೆ ಸಂಬಂಧ ಕಟ್ಟುವುದು ಸರಿಯಲ್ಲ ಎಂದು ನನ್ನ ಅಭಿಪ್ರಾಯ.

ಆದರೆ 'ಸುರಂಗ' ಎಂಬ ಪದ ಮಾತ್ರ ದೂರದಿಂದ ಬಂದದ್ದು! ಗ್ರೀಕಿನಲ್ಲಿ ಸಿರಿಂಕ್ಸ್ ಎಂದರೆ ಕೊಳಲು, ಕೊಳವೆ. ಅದೇ ಸಂಸ್ಕೃತಕ್ಕೆ ಬಂದು 'ಸುರುಂಗಾ' ಆಯಿತು ಎಂದು ಭಾಷಾ ವಿದ್ವಾಂಸರು ಹೇಳುತ್ತಾರೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಈ ಪದ ಇದೆ. ಮಲಯಾಳದಲ್ಲಿ ಇದು 'ತುರಂಗಂ'. ನಮ್ಮ ಕನ್ನಡದ ಮಕ್ಕಳಿಗೆ ತುರಂಗ ಎಂದರೆ ಕುದುರೆ. ರೈಲು 'ತುರಂಗ'ದೊಳಗೆ ಹೋಯಿತು ಎಂದು ಮಲಯಾಳ ವಾರ್ತೆಯಲ್ಲಿ ಕೇಳಿ ಒಬ್ಬಳು ಹುಡುಗಿ ಬಿದ್ದು ಬಿದ್ದು ನಕ್ಕಿದ್ದಳು. ಗಡಿನಾಡಿನಲ್ಲಿ ಪಾಠ ಮಾಡುವವರಿಗೆ ಇಂಥ ಲಾಭಗಳೂ ಇವೆ.

ಇನ್ನು ಕಲ್ಲಿನ ವಿಷಯ. ಸುರಂಗಕ್ಕೆ ಕಂಬ, ತೊಲೆ, ಸಿಮೆಂಟು ಯಾವುದೂ ಇಲ್ಲ. ಆದರೂ ಹೇಗೆ ನಿಲ್ಲುತ್ತದೆ? ಉತ್ತರ ನಮ್ಮ ಮುರಕಲ್ಲಿನಲ್ಲಿದೆ. ಟಿಪ್ಪು ಸುಲ್ತಾನ್ 1799ರಲ್ಲಿ ಮಡಿದ ಮೇಲೆ ಈಸ್ಟ್ ಇಂಡಿಯಾ ಕಂಪೆನಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಮೈಸೂರು, ಕೆನರಾ, ಮಲಬಾರ್ ಸುತ್ತಿ ವರದಿ ಮಾಡಲು ಕಳಿಸಿತು. 1800ರ ಕೊನೆಗೆ ಅವನು ಈಗಿನ ಮಲಪ್ಪುರಂ ಜಿಲ್ಲೆಯ ಅಂಗಾಡಿಪುರಕ್ಕೆ ಬಂದ. ಅಲ್ಲಿ ಒಂದು ವಿಚಿತ್ರ ಕಲ್ಲು ಕಂಡ. ನೆಲದೊಳಗೆ ಇರುವಾಗ ಮೆತ್ತಗೆ, ಕಬ್ಬಿಣದ ಆಯುಧದಿಂದ ಸುಲಭವಾಗಿ ಕತ್ತರಿಸಬಹುದು. ಹೊರಗೆ ಗಾಳಿಗೆ ಬಂದರೆ ಇಟ್ಟಿಗೆಗಿಂತ ಗಟ್ಟಿ! ಸ್ಥಳೀಯರು ಇದನ್ನು ಇಟ್ಟಿಗೆ ಕಲ್ಲು ಎನ್ನುತ್ತಾರೆ ಎಂದು ಅವನೇ ಬರೆದಿದ್ದಾನೆ. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗೆ 'ಲೇಟರ್'. ಅದರಿಂದ ಲ್ಯಾಟರೈಟ್ ಎಂದು ಹೆಸರಿಟ್ಟ. 1807ರಲ್ಲಿ ಪುಸ್ತಕ ಅಚ್ಚಾದ ಮೇಲೆ ಆಫ್ರಿಕಾ, ಬ್ರೆಜಿಲ್, ಆಸ್ಟ್ರೇಲಿಯಾ ಎಲ್ಲ ಕಡೆಯ ಇಂಥ ಕಲ್ಲಿಗೂ ಅದೇ ಹೆಸರಾಯಿತು. ಅಂದರೆ ಇಡೀ ಜಗತ್ತು ಬಳಸುವ ಒಂದು ವೈಜ್ಞಾನಿಕ ಪದ ನಮ್ಮ ಕಡೆಯ ಕಲ್ಲು ಕೆತ್ತುವವರ ಮಾತಿನ ಅನುವಾದ! ಅಂಗಾಡಿಪುರದಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಇದರ ನೆನಪಿಗೆ ಸ್ಮಾರಕ ಮಾಡಿದೆ. ಕೆಳದಿಯ ಶಿವಪ್ಪ ನಾಯಕನ ಕಾಲದ ನಮ್ಮ ಬೇಕಲ ಕೋಟೆ ಮೂರೂವರೆ ಶತಮಾನ ಉಪ್ಪುಗಾಳಿ ತಿಂದೂ ನಿಂತಿರುವುದು ಈ ಕಲ್ಲಿನಿಂದಲೇ.

ಮುರಕಲ್ಲಿನ ತುಂಬಾ ತೂತುಗಳು. ಗುಡ್ಡೆಯ ಮೇಲೆ ಬಿದ್ದ ಮಳೆ ಈ ತೂತುಗಳಲ್ಲಿ ಇಳಿಯುತ್ತದೆ. ಕೆಳಗೆ ಶೇಡಿ ಮಣ್ಣಿನ ಪದರ ಸಿಕ್ಕಾಗ ಮುಂದೆ ಇಳಿಯಲಾರದೆ ಅಡ್ಡಕ್ಕೆ ಜಿನುಗುತ್ತದೆ. ಸುರಂಗ ಆ ಜಿನುಗನ್ನು ಹಿಡಿಯುತ್ತದೆ. ಗುಡ್ಡೆಯೇ ಟಾಂಕಿ, ಸುರಂಗ ಅದರ ನಳ್ಳಿ ಎನ್ನಬಹುದು. ತೋಡುವಾಗ ಶೇಡಿ ಮಣ್ಣೇ ಎದುರಾದರೆ ಮಾತ್ರ ಕುಸಿಯುವ ಭಯ. ಹಾಗಾಗಿ ಮಕ್ಕಳೇ, ಹಳೆಯ ಸುರಂಗ ಕಂಡರೆ ಹೊರಗಿನಿಂದಲೇ ನೋಡಿ, ದೊಡ್ಡವರಿಲ್ಲದೆ ಒಳಗೆ ಕಾಲಿಡಬೇಡಿ.

ಗಡಿಯಾಚೆ ಅಡ್ಯನಡ್ಕದ ಬಳಿ ಅಮೈ ಮಹಾಲಿಂಗ ನಾಯ್ಕರು ಇದ್ದಾರೆ. ಅಡಿಕೆ ಮರ ಏರುವ ಕೂಲಿ ಕೆಲಸ ಮಾಡುತ್ತಿದ್ದವರು. ಅವರಿಗೆ ಸಿಕ್ಕಿದ ತುಂಡು ಭೂಮಿ ನೀರಿಲ್ಲದ ಬೋಳುಗುಡ್ಡೆ. ಕೂಲಿ ಮುಗಿಸಿ ಬಂದು ಒಬ್ಬರೇ ಸುರಂಗ ತೋಡಿದರು. ಮೊದಲನೆಯದರಲ್ಲಿ ನೀರಿಲ್ಲ, ಇನ್ನೊಂದು ತೋಡಿದರು, ಅದರಲ್ಲೂ ಇಲ್ಲ... ವರ್ಷಗಟ್ಟಲೆ ತೋಡಿದ ಹಲವು ಸುರಂಗಗಳು ಬರಿದಾದವು. ಜನ ನಕ್ಕರು. ಆದರೂ ಬಿಡದೆ ತೋಡಿ ಕೊನೆಗೆ ನೀರು ತಂದರು. ಬೋಳುಗುಡ್ಡೆ ಅಡಿಕೆ, ತೆಂಗಿನ ತೋಟವಾಯಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಪಾಲಿಬಿಯಸ್ ಹೇಳಿದ ಐದು ತಲೆಮಾರಿನ ಹಕ್ಕು ನನಗೆ ನೆನಪಾದದ್ದು ಆ ಸುದ್ದಿ ಓದಿದ ದಿನ.

ಸಂತೋಷದ ಸಂಗತಿಗಳನ್ನೇ ಹೇಳಿದರೆ ಪಾಠ ಪೂರ್ತಿಯಾಗದು. ಪಕ್ಕದಲ್ಲಿ ನೂರಾರು ಅಡಿ ಕೊಳವೆಬಾವಿ ಕೊರೆದರೆ ನೀರು ಕೆಳಗಿಳಿದು ಸುರಂಗ ಬತ್ತುತ್ತದೆ. ಗುಡ್ಡೆಯ ತಲೆಯನ್ನೇ ಕಲ್ಲಿನ ಕೋರೆಗೆ ಕತ್ತರಿಸಿದರೆ ಮಳೆ ಇಂಗುವ ಜಾಗವೇ ಹೋಗುತ್ತದೆ. ನಾವು ಪದವು ಎಂದು ಕರೆಯುವ ಆ ಬಯಲು ಬೇಸಗೆಯಲ್ಲಿ ಬರೀ ಬಂಡೆ. 'ಉಪಯೋಗವಿಲ್ಲದ ಜಾಗ' ಎಂದು ಕಾಗದದಲ್ಲಿ ಬರೆದುಬಿಡುತ್ತಾರೆ. ಆಟಿ, ಸೋಣ ತಿಂಗಳಲ್ಲಿ ಹೋಗಿ ನೋಡಿ, ನೀಲಿ ಹೂವಿನ ಚಾಪೆ! ಓಣಂ ಹೂವಿನ ರಂಗೋಲಿಗೆ ಮಲಯಾಳದವರು ತರುವ ಕಾಕ್ಕಪ್ಪೂ ಅದೇ. ಆ ಪುಟ್ಟ ಗಿಡ ತನ್ನ ಸಣ್ಣ ಚೀಲಗಳಲ್ಲಿ ನೀರಿನ ಸೂಕ್ಷ್ಮಜೀವಿಗಳನ್ನು ಹಿಡಿದು ತಿನ್ನುವ ಮಾಂಸಾಹಾರಿ.

ಗುಡ್ಡೆಯ ಮೇಲೆ ಏನು ಬೀಳುತ್ತದೋ ಅದು ಕೆಳಗಿನ ಲೋಟಕ್ಕೆ ಬರುತ್ತದೆ ಎಂಬುದನ್ನು ನಮ್ಮ ಊರಿಗಿಂತ ಕಷ್ಟಪಟ್ಟು ಕಲಿತವರು ಕಡಿಮೆ. ಇದೇ ಗುಡ್ಡೆಗಳ ಗೇರು ತೋಟಗಳ ಮೇಲೆ 2000ದವರೆಗೆ, ಎರಡು ದಶಕಕ್ಕೂ ಹೆಚ್ಚು ಕಾಲ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಸುಪ್ರೀಂ ಕೋರ್ಟು ದೇಶದಾದ್ಯಂತ ಅದನ್ನು ನಿಲ್ಲಿಸಿದ್ದು 2011ರಲ್ಲಿ. ಎಣ್ಮಕಜೆಯ ಮಕ್ಕಳಿಗೆ ಈ ಕತೆ ಪುಸ್ತಕದಿಂದ ಹೇಳಬೇಕಾಗಿಲ್ಲ, ಅವರ ಮನೆಯಲ್ಲೋ ನೆರೆಮನೆಯಲ್ಲೋ ಅದು ಇದೆ. ಅದಕ್ಕೇ ಇಲ್ಲಿ ಹೆಚ್ಚು ಬರೆಯುವುದಿಲ್ಲ.

ಮರುದಿನ ತರಗತಿಯಲ್ಲಿ ಆ ಹುಡುಗನನ್ನು ಕರೆದು, "ನಿಮ್ಮ ಸುರಂಗ ಎಷ್ಟು ಕೋಲು?" ಎಂದು ಕೇಳಿದೆ. ಗೊತ್ತಿರಲಿಲ್ಲ. ಯಾರು ತೋಡಿದ್ದು? ಅದೂ ಗೊತ್ತಿಲ್ಲ. "ಅಜ್ಜನ ಹತ್ರ ಕೇಳ್ತೇನೆ ಮಾಷ್ಟ್ರೇ" ಎಂದ. ಸೋಮವಾರ ಒಂದು ಚೀಟಿ ತಂದ. ಅಜ್ಜ ಹೇಳಿ ಬರೆಸಿದ್ದು: ಅರುವತ್ತೆರಡು ಕೋಲು, ಇಬ್ಬರು ಸೇರಿ ಎರಡು ಬೇಸಗೆ ತೋಡಿದ್ದು, ನಲವತ್ತನೇ ಕೋಲಿನಲ್ಲಿ ಬಂಡೆ ಸಿಕ್ಕಿ ಎಡಕ್ಕೆ ತಿರುಗಿಸಿದ್ದು. ಈಗ ತರಗತಿಯ ಇತರರೂ ತಮ್ಮ ಮನೆಯದ್ದನ್ನು ಕೇಳಿ ಬರೆಯುತ್ತಿದ್ದಾರೆ. ಹಳೆಯ ಒಂದು ನೋಟುಪುಸ್ತಕದಲ್ಲಿ ಇದುವರೆಗೆ ಹನ್ನೊಂದು ಸುರಂಗಗಳ ಲೆಕ್ಕ ಸಿಕ್ಕಿದೆ. ಅವುಗಳಲ್ಲಿ ಏಳರಲ್ಲಿ ಈಗಲೂ ನೀರು ಇದೆ.